ಫಿಕ್ಸ್ಡ್ ಗೇರ್ ಸೈಕಲ್ಲಿಗೆ ಮೇಲಿನ ಮನೆಯ ಪರ್ಮಿಟ್

ಹೋದ ವಾರ ದೋಹಾದ ಅಲ್ ಸದ್ದ್‌ನ ಮನೆ ಖಾಲಿ ಮಾಡಿ ಊರಾಚೆಯ ಅಲ್ ವುಕೈರ್‌ಗೆ ಹೊರಡುವ ಗಡಿಬಿಡಿಯಲ್ಲಿ ಹಳೆಯ ಶೂ ಡಬ್ಬಿಯೊಂದನ್ನು ತೆರೆದೆ. ಮೊದಲು ಗ್ರೀಸಿನ ವಾಸನೆ. ಅದರ ಹಿಂದೆ, ತಡವಾಗಿ ಬಂದ ನೆಂಟನ ಹಾಗೆ, ಹೇರಳೆಕಾಯಿ ಉಪ್ಪಿನಕಾಯಿಯ ವಾಸನೆ. ಬೆಂಗಳೂರಿನಲ್ಲಿ ಕೊಂಡ ಸೈಕಲ್ ಪೆಡಲ್‌ಗಳನ್ನು ಇದೇ ಡಬ್ಬಿಯಲ್ಲಿ ಹಾಕಿ, ಅತ್ತೆಯವರು ಕೊಟ್ಟ ಉಪ್ಪಿನಕಾಯಿಯ ಪಕ್ಕದಲ್ಲೇ ಇಟ್ಟು ದೋಹಾಕ್ಕೆ ತಂದವನು ನಾನು. ಸೂಟ್‌ಕೇಸಿನಲ್ಲಿ ಎಣ್ಣೆ ಸೋರಿತ್ತು. ಡಬ್ಬಿಯಲ್ಲಿ ಪೆಡಲ್‌ಗಳಿರಲಿಲ್ಲ, ಅವು ಇಂದಿಗೂ ಸೈಕಲ್ಲಿನಲ್ಲಿವೆ. ಇದ್ದದ್ದು ಸ್ಕ್ರೂ ತಿರುಗಿಸುವ ಒಂದು ಸಣ್ಣ ಆಲನ್ ಕೀ, ನಾಲ್ಕಾಗಿ ಮಡಚಿದ ಒಂದು ಕಾಗದ... ಮತ್ತೆ ಮೇಲಿನ ಮನೆಯವರು.

ಅವರು ನಮ್ಮ ತಲೆಯ ಮೇಲಿನ ಫ್ಲಾಟಿನಲ್ಲಿದ್ದರು. ಉಡುಪಿ ಕಡೆಯ ಕ್ಯಾಥೊಲಿಕ್ ಹಿರಿಯರು. ದುಖಾನ್‌ನ ಎಣ್ಣೆ ಬಾವಿಗಳ ನಡುವೆ ಇಪ್ಪತ್ತು ವರ್ಷ ಸೇಫ್ಟಿ ವಿಭಾಗದಲ್ಲಿ ದುಡಿದು, ಕೊನೆಗಾಲಕ್ಕೆ ದೋಹಾ ಆಫೀಸಿಗೆ ಬಂದವರು. ಊರಿಗೆ ಹೊರಟವರೆಲ್ಲ ಏರ್‌ಪೋರ್ಟಿಗೆ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಕೈಯಲ್ಲಿ ಹಿಡಿದು ತೂಗುವ ಅವರ ಲಗೇಜ್ ತಕ್ಕಡಿಯ ಮೇಲೆ ಇಡೀ ಕಟ್ಟಡಕ್ಕೆ ನಂಬಿಕೆ. ಮೂವತ್ತು ಕಿಲೋ ದಾಟಿದರೆ ಹಾಲಿನಪುಡಿ ಡಬ್ಬಿ ಇಳಿಯಬೇಕೋ ಮಾವನವರ ಟಾರ್ಚೋ ಎಂದು ಅವರೇ ತೀರ್ಪು ಕೊಡುತ್ತಿದ್ದರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಅವರ ಇನ್ನೊಂದು ಧರ್ಮವೆಂದರೆ ಪರ್ಮಿಟ್. ದುಖಾನ್‌ನಲ್ಲಿ ಒಂದು ಬೋಲ್ಟ್ ಬಿಚ್ಚಬೇಕಾದರೂ ಮೊದಲು ಕಾಗದವಂತೆ. ಅಪಾಯವೇನು, ಅದಕ್ಕೆ ಉಪಾಯವೇನು ಎಂದು ಬರೆದು, ಕೊಡುವವರೂ ಪಡೆಯುವವರೂ ಸಹಿ ಹಾಕಬೇಕು. ಕೆಲಸ ಮುಗಿದ ಮೇಲೆ ಕೊಟ್ಟವರೇ ಬಂದು ನೋಡಿ, ಮತ್ತೊಂದು ಸಹಿ ಹಾಕಿ ಅದನ್ನು ಮುಚ್ಚಬೇಕು. ಅಲ್ಲಿಯವರೆಗೆ ಕೆಲಸ ನಡೆಯುತ್ತಲೇ ಇದೆ ಎಂದು ಲೆಕ್ಕ. ಮನೆಯ ಗೀಸರ್ ಬಿಚ್ಚುವ ಮೊದಲು ಹೆಂಡತಿಯಿಂದಲೂ ಸಹಿ ತೆಗೆದುಕೊಂಡಿದ್ದರೆಂದು ಕಟ್ಟಡದಲ್ಲಿ ಪ್ರತೀತಿ.

ನನಗೆ ಸಕ್ಕರೆ ಗಡಿಯಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ ವರ್ಷ ನಾನೊಂದು ಸೈಕಲ್ ಕಟ್ಟಲು ಹೊರಟೆ. ಅಂಗಡಿಯಿಂದ ಇಡಿಯಾಗಿ ತರುವುದು ಸಾಮಾನ್ಯರ ದಾರಿ. ನಾನು ಬಿಡಿಭಾಗಗಳನ್ನು ಆರಿಸಿ ಕಟ್ಟುವವನು. ಅದೂ ಫಿಕ್ಸ್ಡ್ ಗೇರ್. ಒಂದೇ ಗೇರು, ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತದೆ, ಕಾಲಿಗೆ ರಜೆಯಿಲ್ಲ. ಸೈಕಲ್ ಆದಷ್ಟು ಹಗುರವಿರಬೇಕೆಂಬುದೇ ಧ್ಯೇಯ. ಹೊಟ್ಟೆಯಿಂದ ಇಳಿಯದ ಕಿಲೋಗಳನ್ನು ಸೈಕಲ್ಲಿನಿಂದ ಇಳಿಸುವ ಉಪಾಯ.

ತೂಕದ ವಿಷಯವಾದ್ದರಿಂದ ಮೇಲಿನ ಮನೆಗೇ ಹೋದೆ. ಅವರು ಒಂದೊಂದು ಭಾಗವನ್ನೂ ತಕ್ಕಡಿಗೆ ನೇತುಹಾಕಿ ನೋಡಿದರು. ನಾನು ಮೆಚ್ಚಿ ತಂದಿದ್ದ ಕಾರ್ಬನ್ ಸೀಟ್ ಕಂಬವನ್ನು ಎರಡು ಸಲ ತೂಗಿದರು.

“ಹಗುರ ಉಂಟು, ಒಪ್ಪಿದೆ. ಮುರಿದರೆ ಎಲ್ಲಿಗೆ ಚುಚ್ಚುತ್ತದೆ ಅಂತ ಗೊತ್ತುಂಟಲ್ಲ ಮಾರಾಯ್ರೆ?”

ಅಲ್ಯೂಮಿನಿಯಂ ಕಂಬ ಬಂತು.

“ಬ್ರೇಕ್ ಮಾತ್ರ ಬೇಡ ಸರ್,” ಎಂದೆ. “ಇದನ್ನ ನಿಜವಾಗಿ ಓಡಿಸೋರು ಕಾಲಲ್ಲೇ ನಿಲ್ಲಿಸ್ತಾರೆ.”

“ಅವರು ನಿಲ್ಲಿಸ್ಲಿ. ನೀವು ಸೆಕೆಂಡ್ ಫ್ಲೋರಿಗೆ ಲಿಫ್ಟಲ್ಲಿ ಹೋಗುವ ಜನ.”

ಮುಂದಿನ ಚಕ್ರಕ್ಕೆ ಬ್ರೇಕ್ ಬಂತು.

ಉಳಿದದ್ದು ಪೆಡಲ್. ಕ್ಲಿಪ್‌ಲೆಸ್ ಎಂದು ಅದರ ಹೆಸರು. ಶೂ ಅಡಿಯ ಲೋಹದ ತುಂಡನ್ನು ಅದರ ಸ್ಪ್ರಿಂಗ್ ಕಚ್ಚಿ ಹಿಡಿಯುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಬಿಡುತ್ತದೆ. ಎಷ್ಟು ಬಿಗಿಯಾಗಿ ಕಚ್ಚಬೇಕೆಂಬುದು ಒಂದು ಪುಟ್ಟ ಸ್ಕ್ರೂವಿನ ಕೈಯಲ್ಲಿ. ಕಾಲು ಜಾರಿದರೆ ತಿರುಗುತ್ತಲೇ ಇರುವ ಪೆಡಲ್ ಕಣಕಾಲಿಗೆ ಬಡಿಯುತ್ತದೆ ಎಂದು ಎಲ್ಲೋ ಓದಿದ್ದೆ.

“ಫುಲ್ ಟೈಟ್ ಇಡಿ ಸರ್.”

“ನಿಲ್ಲಿಸುವಾಗ ಕಾಲು ಹೊರಗೆ ಬಾರದಿದ್ದರೆ?”

“ಬರುತ್ತೆ. ಪ್ರಾಕ್ಟೀಸ್ ಮಾಡ್ತೀನಿ.”

“ನೋಡುವ,” ಎಂದರು.

ಸೈಕಲ್ ಸಿದ್ಧವಾದ ದಿನ ಕಾಗದವೊಂದನ್ನು ಮುಂದಿಟ್ಟರು. ದುಖಾನ್ ಮಾದರಿಯಲ್ಲೇ ಗೆರೆ ಎಳೆದು, ಖಾನೆ ಮಾಡಿ, ಕೈಯಲ್ಲಿ ಬರೆದ ಪರ್ಮಿಟ್. “ಓದಿ ಸೈನ್ ಹಾಕಿ ಆಯ್ತಾ,” ಎಂದರು. ನನ್ನ ಉದ್ಯೋಗ ಡಾಕ್ಯುಮೆಂಟ್ ಕಂಟ್ರೋಲ್. ಜನ ಓದದೆ ಸಹಿ ಹಾಕಿದ ಕಾಗದಗಳನ್ನು ಹಿಡಿದು ಹಿಂದಕ್ಕೆ ಕಳಿಸುವುದೇ ನನ್ನ ಅನ್ನ. ಅಂಥ ನಾನು ಸೈಕಲ್ಲನ್ನೇ ನೋಡುತ್ತಾ ಸಹಿ ಹಾಕಿದೆ. ಕಾಗದ ಡಬ್ಬಿ ಸೇರಿತು.

ಮರುವರ್ಷ ಅವರು ನಿವೃತ್ತರಾಗಿ ಊರಿಗೆ ಹೋದರು. ತಕ್ಕಡಿಯನ್ನು ನಮಗೇ ಬಿಟ್ಟರು...

ಅದಾದ ಮೇಲಿನ ಒಂದು ಶುಕ್ರವಾರ ಬೆಳಿಗ್ಗೆ, ಮನೆಯಿಂದ ಎರಡು ಬೀದಿಯಾಚೆ, ಮುಂದಿದ್ದ ಬಿಳಿ ಲ್ಯಾಂಡ್ ಕ್ರೂಸರ್ ಸೂಚನೆಯಿಲ್ಲದೆ ನಿಂತಿತು. ಕಾಲಿನಿಂದ ನಿಲ್ಲಿಸುವ ವಿದ್ಯೆ ಕಾಲಿಗೇ ನೆನಪಾಗಲಿಲ್ಲ. ಬ್ರೇಕ್ ಒತ್ತಿದೆ. ಸೈಕಲ್ ನಿಂತು ಎಡಕ್ಕೆ ವಾಲಿತು. ಬಲಬದಿಯ ಸಂಚಾರದ ಊರು, ಎಡದಲ್ಲಿ ಹಿಂದಿನಿಂದ ಬಸ್ಸು ಬರುತ್ತಿತ್ತು. ಎಡಗಾಲು ಪೆಡಲಿನಿಂದ ತಾನಾಗಿ ಕಳಚಿಕೊಂಡು ರಸ್ತೆಗೆ ಊರಿತು. ಬಸ್ಸು ನನ್ನ ಮೊಣಕೈಗೆ ಬಿಸಿಗಾಳಿ ತಾಗಿಸಿ ಮುಂದೆ ಹೋಯಿತು. ಲ್ಯಾಂಡ್ ಕ್ರೂಸರಿನವನು ಕಿಟಕಿ ಇಳಿಸಿ ಕೈಮುಗಿಯುವವನಂತೆ ಏನೋ ಮಾಡಿ, “ಮಾಫಿ ಮುಷ್ಕಿಲ್?” ಎಂದು ಕೇಳಿದ. ತೊಂದರೆಯಿಲ್ಲ ಎಂದು ತಲೆಯಾಡಿಸಿದೆ.

ಮನೆಗೆ ಬಂದು, ಎರಡು ಲೋಟ ನೀರು ಕುಡಿದು, ಊರಿನಲ್ಲಿದ್ದ ಅವರಿಗೆ ಫೋನ್ ಮಾಡಿದೆ.

“ನಿಮ್ಮ ಬ್ರೇಕು ಉಳಿಸ್ತು ಸರ್. ಇನ್ನರ್ಧ ನನ್ನ ಪ್ರಾಕ್ಟೀಸು. ಫುಲ್ ಟೈಟ್ ಪೆಡಲಿಂದ ಕಾಲು ಹೇಗೆ ಬಂತು ಅಂತೀರಿ!”

“ದೇವರು ದೊಡ್ಡವ. ಆ ಪರ್ಮಿಟ್ ಓದಿದ್ದೀರಲ್ಲ?”

“ಓದದೆ ಸೈನ್ ಹಾಕ್ತೀನಾ ಸರ್? ನನ್ನ ಕೆಲಸವೇ ಅದು.”

ಅವರು ನಕ್ಕರು. ಇಷ್ಟು ಜೋರಾಗಿ ನಗುವಂಥದ್ದು ಏನು ಹೇಳಿದೆನೆಂದು ತಿಳಿಯಲಿಲ್ಲ. ಪಕ್ಕದಲ್ಲಿ ಅವರ ಹೆಂಡತಿ ಕೊಂಕಣಿಯಲ್ಲಿ ಏನಾಯಿತೆಂದು ಕೇಳುತ್ತಿದ್ದರು. ಇವರು ಉತ್ತರಿಸಲಾಗದೆ ಕೆಮ್ಮಿ ಕೆಮ್ಮಿ ನಕ್ಕರು. ಎರಡು ತಿಂಗಳಲ್ಲಿ ಸುದ್ದಿ ಬಂತು. ಹೃದಯ... ನಿದ್ದೆಯಲ್ಲೇ ಹೋದರಂತೆ.

ಹೋದ ವಾರ ಕಾಗದ ಬಿಚ್ಚಿ ಓದಿದೆ. ನೀಲಿ ಶಾಯಿಯ ಉರುಟು ಅಕ್ಷರ. “ಮುಂದಿನ ಬ್ರೇಕ್: ಹಾಕಿದೆ. ಪೆಡಲ್ ಸ್ಪ್ರಿಂಗ್: ಎರಡೂ ಕಡೆ ಪೂರ್ತಿ ಸಡಿಲ. ಸವಾರರಿಗೆ ಟೈಟ್ ಬೇಕಂತೆ. ಕೊಟ್ಟಿಲ್ಲ. ಇದನ್ನು ಓದಿ ಆಕ್ಷೇಪಿಸಿದರೆ ಮಾತಾಡುವ.” ಕೆಳಗೆ ಅವರ ಸಹಿ, ಪಕ್ಕದಲ್ಲಿ ನನ್ನದು, ಬಹಳ ಗತ್ತಿನಿಂದ.

ಕೀ ಹಿಡಿದು ಬಾಲ್ಕನಿಗೆ ಹೋಗಿ ಪೆಡಲಿನ ಸ್ಕ್ರೂ ತಿರುಗಿಸಲು ನೋಡಿದೆ. ಸಡಿಲಿಸಲು ಇನ್ನು ಜಾಗವೇ ಇರಲಿಲ್ಲ. ಇಷ್ಟು ವರ್ಷ ನನ್ನ ಹಿಮ್ಮಡಿಯ ಬಲವೆಂದು ಆಫೀಸಿನಲ್ಲಿ ಬೀಗಿದ್ದೆಲ್ಲ ಅವರು ಸಡಿಲಿಸಿಟ್ಟ ಸ್ಕ್ರೂವಿನ ಕೆಲಸ. ನಾಚಿಕೆಯಾಗಬೇಕಿತ್ತು. ಆದದ್ದು ಸಮಾಧಾನ. ಕಾಲು ಇದೆ, ನಾನಿದ್ದೇನೆ, ಫೋನ್ ಮಾಡಲು ತಡಮಾಡಿರಲಿಲ್ಲ. ನನ್ನ ಸುಳ್ಳು ಅವರಿಗೆ ಆಗಲೇ ಗೊತ್ತಾಗಿ, ಉಸಿರುಗಟ್ಟುವಷ್ಟು ನಗು ಕೊಟ್ಟಿತ್ತು.

ಕಾಗದದ ಕೊನೆಯ ಖಾನೆ ಮಾತ್ರ ಖಾಲಿಯಿದೆ. ಕೆಲಸ ಮುಗಿದ ಮೇಲೆ ಕೊಟ್ಟವರೇ ಬಂದು ಸಹಿ ಹಾಕಿ ಮುಚ್ಚಬೇಕಾದ ಖಾನೆ. ಅವರು ಇನ್ನು ಬರುವುದಿಲ್ಲ. ನಿಯಮದ ಪ್ರಕಾರ, ಅಲ್ ವುಕೈರ್‌ನ ರಸ್ತೆಗಳಲ್ಲೂ ನಾನು ಅವರ ಪರ್ಮಿಟ್ಟಿನಲ್ಲೇ ಓಡಾಡುತ್ತಿರುತ್ತೇನೆ. ಸ್ಕ್ರೂವನ್ನು ಬಿಗಿ ಮಾಡದೆ ಅವರು ಇಟ್ಟಲ್ಲೇ ಬಿಟ್ಟೆ.