ಐರ್ಲೆಂಡಿನ ಪಾದ್ರಿ ಕಲಿಸಿದ ಆಟ

ಐವತ್ತರ ದಶಕದಲ್ಲಿ ನಾನು ಕೆಂಗೇರಿಯಿಂದ ರೈಲು ಹಿಡಿದು ಬಿನ್ನಿಪೇಟೆಯ ಕಡೆ ಒಂದು ಬಟ್ಟೆ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಪಾಳಿ ಮುಗಿದ ಮೇಲೆ ನಾವು ಕೆಲವರು ಪಕ್ಕದ ಬಯಲಿನಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದೆವು. ಓಟದಲ್ಲಿ ಹಿಂದೆ ಅಂತ ನನ್ನನ್ನು ಗೋಲಿಗೆ ನಿಲ್ಲಿಸಿದ್ದರು. ನಾನೋ ಕುಳ್ಳ. ಎತ್ತರದಲ್ಲಿ ಬಂದ ಚೆಂಡೆಲ್ಲ ನನ್ನ ಕೈ ಮೇಲಿಂದಲೇ ಹೋಗುತ್ತಿತ್ತು.

ಒಂದು ಸಂಜೆ ಹತ್ತಿರದ ಚರ್ಚಿನ ಪಾದ್ರಿ ಸೈಕಲ್ ನಿಲ್ಲಿಸಿ ನೋಡಿದರು. ಐರ್ಲೆಂಡಿನವರು, ಎತ್ತರದ ಆಳು, ಸ್ವಲ್ಪ ಕುಂಟುತ್ತಿದ್ದರು. ನಿಲುವಂಗಿ ಎತ್ತಿ ಕಟ್ಟಿಕೊಂಡು ನೇರ ನನ್ನ ಬಳಿ ಬಂದರು.

"ಚೆಂಡಿಗಾಗಿ ಕಾಯಬಾರದು. ಅದು ಇಳಿಯುವ ಮೊದಲೇ ನೀವು ಏರಬೇಕು," ಎಂದರು, ಪುಸ್ತಕದ ಕನ್ನಡದಲ್ಲಿ.

"ನಾನು ಕುಳ್ಳ ಸ್ವಾಮಿ, ಎಟುಕಲ್ಲ."

"ನಾಳೆ ಬನ್ನಿ. ಎಟುಕುತ್ತದೆ."

ಅವರ ದೇಶದ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯುವುದೂ ಉಂಟು, ಕೈಯಲ್ಲಿ ಹಿಡಿಯುವುದೂ ಉಂಟಂತೆ. ಪಾದ್ರಿಯಾಗುವ ಮೊದಲು ತಮ್ಮ ಜಿಲ್ಲೆಯ ತಂಡದಲ್ಲಿ ಆಡಿದ್ದರು. ಹಾರಿ ಹಿಡಿದು ಇಳಿಯುವಾಗ ಮಂಡಿ ತಿರುಚಿ ಆಟ ನಿಂತುಹೋಯಿತು. ಸುಮ್ಮನೆ ಕೂರಲಾಗದೆ ಊರಿನ ಹುಡುಗರಿಗೆ ಕಲಿಸತೊಡಗಿದರಂತೆ.

ನನಗಾಗಿ ಅವರು ಆಲದ ಕೊಂಬೆಗೆ ಹಗ್ಗದಲ್ಲಿ ಚೆಂಡು ಕಟ್ಟಿದರು. ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಹಗ್ಗ ಗಿಡ್ಡ ಮಾಡುತ್ತಿದ್ದರು.

"ಮಾವಿನ್ಕಾಯಿ ಕೀಳೋದು ಕಲೀತಾ ಇದೀಯೇನೋ?" ಅಂತ ಜೊತೆಯವರು ನಗುತ್ತಿದ್ದರು. ನಾನು ಹಾರುವುದು ಬಿಡಲಿಲ್ಲ. ರೈಲಿನಲ್ಲಿ ಕೂತರೆ ಮೀನಖಂಡ ಸೆಳೆಯುತ್ತಿತ್ತು.

ಸಿಪಾಯಿಗಳ ತಂಡದ ಮೇಲೆ ಪಂದ್ಯ ಬಂತು. ಆ ಉದ್ದನೆಯ ಆಳುಗಳ ತಲೆಗಳ ನಡುವಿನಿಂದ ಎದ್ದು ಪ್ರತಿ ಚೆಂಡನ್ನೂ ಹಿಡಿದೆ. ಕೊನೆಗೆ ನೆಲದಲ್ಲಿ ಉರುಳಿ ಬಂದ ಒಂದು ಚೆಂಡು ನನ್ನ ಕಾಲ ಸಂದಿಯಲ್ಲಿ ನುಸುಳಿತು, ಸೋತೆವು.

ನಾನು ತಲೆ ಎತ್ತಲಿಲ್ಲ. ಪಾದ್ರಿ ಪಕ್ಕದಲ್ಲಿ ಕೂತು, "ನೆಲದ ಚೆಂಡು ತಡೆಯುವುದು ನನಗೂ ಚೆನ್ನಾಗಿ ಗೊತ್ತಿಲ್ಲ. ಇಬ್ಬರೂ ಕಲಿಯೋಣ," ಎಂದರು. ಮರುದಿನವೇ ಶುರು ಮಾಡಿದೆವು. ಮುಂದಿನ ವರ್ಷ ಅದೇ ತಂಡವನ್ನು ಸೋಲಿಸಿದೆವು.

ಆಮೇಲೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ಮುನ್ನ, "ಇನ್ನು ಮೇಲೆ ನೀವೇ ಕಲಿಸಬೇಕು," ಎಂದರು.

"ಆಡೋದು ಬರತ್ತೆ ಸ್ವಾಮಿ, ಕಲಿಸೋದು ಬರಲ್ಲ."

"ನನಗೂ ಬರುತ್ತಿರಲಿಲ್ಲ."

ಮಾರನೆಯ ಸಂಜೆ ಬಯಲಿಗೆ ಹೋದಾಗ ಎಲ್ಲರೂ ನನ್ನನ್ನೇ ನೋಡುತ್ತ ನಿಂತಿದ್ದರು. ಮೊದಲು ಬಯಲು ಸುತ್ತಿ ಬನ್ನಿ ಎಂದೆ. ಒಬ್ಬ ಗೊಣಗಿದ. ಮತ್ತೆ ಹೇಳಿದೆ. ಓಡಿದರು.