ಅತ್ತೆ ಹೇಳಿದ ‘ಕಾಲು’

ಭಕ್ತ ಬಂಧುಗಳೇ, ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಮನಸ್ಸು ತಣ್ಣಗಾದ ಮೇಲೆ ಬರೆ ಅಂದರು ನಮ್ಮವರು. ಅಷ್ಟರಲ್ಲಿ ನನ್ನ ತಪ್ಪನ್ನು ನಾನೇ ಮುಚ್ಚಿಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ವಾರವಿಡೀ ಜ್ವರದಲ್ಲಿ ಮಲಗಿದ್ದ ನಮ್ಮ ಅತ್ತೆಗೆ ಒಂದು ಸೋಮವಾರ ಉಸಿರು ಕಟ್ಟತೊಡಗಿತು. ವಿಕ್ರೋಳಿಯ ಮನೆಯಿಂದ ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದೆವು. ಎದೆಯ ಸೋಂಕು ಎಂದು ಐಸಿಯುಗೆ ಹಾಕಿದರು. ದಿನಕ್ಕೆ ಒಬ್ಬರಿಗೆ ಹತ್ತು ನಿಮಿಷ ಒಳಗೆ ಬಿಡುವುದು. ಉಳಿಯುತ್ತಾರಾ ಎಂದು ಕೇಳಿದರೆ “ನೋಡೋಣ” ಅನ್ನುವರು. ಆ ‘ನೋಡೋಣ’ ಇಟ್ಟುಕೊಂಡು ಮನೆ ನಡೆಸುವುದು ಹೇಗೆಂದು ಯಾವ ಡಾಕ್ಟರೂ ಹೇಳುವುದಿಲ್ಲ. ನಮ್ಮವರು ಪವಾಯಿಯ ಹೋಟೆಲಿಗೆ ಹೋಗಲೇಬೇಕು, ಮಗಳಿಗೆ ಪರೀಕ್ಷೆ. ನಾನು ಗಂಜಿ ಬೇಯಿಸಿ, ದೇವರಿಗೆ ದೀಪ ಹಚ್ಚಿ ಓಡುತ್ತಿದ್ದೆ.

ಗುರುವಾರ ನನಗೇ ಜ್ವರ. ವಡಾಲದ ಓರಗಿತ್ತಿ “ನಾ ಹೋತೆ ಅಕ್ಕ, ನೀವ್ ಮಲ್ಕಣಿ” ಅಂದಳು. ಅಂದದ್ದಷ್ಟೇ, ಹೋಗಲಿಲ್ಲ.

ಶುಕ್ರವಾರ ಐಸಿಯು ಬಾಗಿಲಲ್ಲೇ ಮರಾಠಿ ಸಿಸ್ಟರ್ ಮುಖ ಗಂಟಿಕ್ಕಿ ನಿಂತಿದ್ದಳು. “ಅಜ್ಜಿ ಒಂದೇ ಸಮ ‘ಕಾಲ್, ಕಾಲ್’ ಅನ್ನುತ್ತಿದ್ದಾರೆ. ನಿನ್ನೆ ನಿಮ್ಮ ಮನೆಯಿಂದ ಯಾರೂ ಬರಲಿಲ್ಲ ಅಲ್ಲವಾ?” ಮರಾಠಿಯಲ್ಲಿ ‘ಕಾಲ್’ ಅಂದರೆ ನಿನ್ನೆ.

ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷ ಚಾಕರಿ ಮಾಡಿದ್ದೇನೆ. ಒಂದು ದಿನ ತಪ್ಪಿದ್ದಕ್ಕೆ ಈ ಮುದುಕಿ ಆಕ್ಸಿಜನ್ ಹಾಕಿಕೊಂಡೂ ಊರಿಗೆಲ್ಲ ಚಾಡಿ ಹೇಳುತ್ತಿದೆ. ನಾನು ಒಳಗೇ ಹೋಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು, ಪರ್ಸಿನಲ್ಲಿದ್ದ ದೇವಿಯ ಫೋಟೋ ತೆಗೆದು, ಜನ ನೋಡುತ್ತಿದ್ದರೂ ಬಾಯಿಬಿಟ್ಟು ಬೈದೆ. “ಇನ್ನು ನಾನೇನು ಮಾಡಬೇಕು? ನಿನಗೆ ಬಾಯಿ ಇಲ್ಲವಾ? ಇದ್ದರೆ ನನಗೆ ತಿಳಿಯುವ ಮಾತಲ್ಲಿ ಹೇಳು.”

ನೆಲ ಒರೆಸುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. ವಿಜಯಪುರದ ಕಡೆಯ ಮುಸ್ಲಿಂ ‘ಬಾಯಿ’, ಕೆಲಸದ ಹೆಂಗಸರನ್ನು ಇಲ್ಲಿ ಹಾಗೇ ಕರೆಯುವುದು. “ಅಕ್ಕಾರ, ನೀವು ಕನ್ನಡದವ್ರೇನ್ರಿ? ಒಳಗ ಆ ಅಜ್ಜಿ ನಿಮ್ಮವ್ರೇನು? ಮುಂಜಾನಿಂದ ಕಾಲು ಕಾಲು ಅಂತ ಅಳಾಕತ್ಯಾರ್ರಿ. ನಾ ಹೇಳಿದ್ರ ಯಾರೂ ಕೇಳವಲ್ರು. ಚಾದರ ಸರಿಸಿ ಕಾಲು ನೋಡ್ರಿ.”

ಓಡಿದೆ. ಎಡಗಾಲು ಊದಿ ಕೆಂಪಾಗಿತ್ತು. ನಾನು ಕೂಗಾಡಿದ ಮೇಲೆ ಡಾಕ್ಟರ್ ಬಂದು ಸ್ಕ್ಯಾನ್ ಮಾಡಿಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು. ಔಷಧಿ ಬದಲಾಯಿತು. ಹತ್ತನೇ ದಿನ ಅತ್ತೆ ಮನೆಗೆ ಬಂದರು.

ಸಿಸ್ಟರ್‌ಗೆ ಕನ್ನಡ ಬಾರದು, ಅದು ಅವಳ ತಪ್ಪಲ್ಲ. ಆ ಬಾಯಿಯ ಮಾತು ಕೇಳದಿದ್ದದ್ದು ಮಾತ್ರ ಆಸ್ಪತ್ರೆಯವರೆಲ್ಲರ ತಪ್ಪು. ನನ್ನದೋ? ಹುಟ್ಟಿದಾಗಿನಿಂದ ಕನ್ನಡ ಆಡಿದವಳಿಗೆ ‘ಕಾಲ್’ ಅಂದರೆ ಕಾಲು ಎಂದು ಹೊಳೆಯಲಿಲ್ಲ. ಅವತ್ತು ದೇವಿಯನ್ನು ಮನಸ್ಸಿನಲ್ಲೇ ಬೇಡಿಕೊಂಡಿದ್ದರೆ ಆ ಬಾಯಿಗೆ ನಾನು ಕನ್ನಡದವಳೆಂದು ಗೊತ್ತಾಗುತ್ತಿರಲಿಲ್ಲ. ನನ್ನ ಬೈಗುಳವನ್ನೇ ತಾಯಿ ಪ್ರಾರ್ಥನೆ ಮಾಡಿಕೊಂಡಳು. ಅವಳ ಪಾದಕ್ಕೆ ಅಡ್ಡಬಿದ್ದು ಹೇಳುತ್ತೇನೆ, ಅವಳು ಕೇಳುತ್ತಾಳೆ.

ಮೊನ್ನೆ ಅತ್ತೆಗೆ ಎಣ್ಣೆ ಹಚ್ಚುತ್ತಾ ಎಲ್ಲ ಒಪ್ಪಿಕೊಂಡೆ. ಗುರುವಾರ ಯಾರೂ ಬರಲಿಲ್ಲವೆಂದು ನೀವು ದೂರುತ್ತಿದ್ದೀರಿ ಅಂದುಕೊಂಡೆ, ಅಂದೆ.

“ಗುರುವಾರ ನೀ ಬರ್ಲಿಲ್ಯಾ?” ಅಂದರು ಅತ್ತೆ. “ನಂಗೆ ಗೊತ್ತೇ ಆಯ್ಲಿಲ್ಲ.”