ಸಿಮ್ಮರ್ ಎಂಬ ಪದವೂ ನಮ್ಮ ಹಟ್ಟಿಯ ಉದಕವೂ

ನನಗೀಗ ಒಂದು ಇಂಗ್ಲಿಷ್ ಪದದ ಹುಚ್ಚು ಹಿಡಿದಿದೆ. ಈ ವಯಸ್ಸಿನಲ್ಲಿ ಹುಚ್ಚು ಹಿಡಿಯುವುದಕ್ಕೆ ಬೇರೆ ಏನೂ ಸಿಗಲಿಲ್ಲವೇ ಎಂದು ನಮ್ಮವರು ಕೇಳುತ್ತಾರೆ. ಊಟಿಯ ಶಾಲೆಯೊಂದರಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಪಾಠ ಹೇಳಿ, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದವಳು ನಾನು. ಇನ್ನು ಆ ಭಾಷೆಯ ಗೊಡವೆ ಬೇಡಪ್ಪ ಎಂದು ಅಡುಗೆಮನೆ ಸೇರಿದೆ. ನೋಡಿದರೆ ಅದು ನನಗಿಂತ ಮೊದಲೇ ಅಲ್ಲಿ ಬಂದು, ಗ್ಯಾಸ್ ಒಲೆಯ ಪಕ್ಕದಲ್ಲಿ ಕಾಲು ಚಾಚಿಕೊಂಡು ಕೂತಿತ್ತು.

ಪದ ನಿಮಗೂ ಗೊತ್ತಿರುವುದೇ. ಸಿಮ್ಮರ್. ಗೊತ್ತಿಲ್ಲ ಅನ್ನಬೇಡಿ. ಬೆಳಿಗ್ಗೆ ಹಾಲಿಟ್ಟು ಸ್ನಾನಕ್ಕೆ ಹೋಗುವಾಗ 'ಸಿಮ್ಮಲ್ಲಿಟ್ಟಿದ್ದೀನಿ, ಸ್ವಲ್ಪ ನೋಡ್ಕೊಳ್ಳಿ' ಎಂದು ನೀವು ಕೂಗಿ ಹೇಳಿಲ್ಲವೇ? ಹೇಳಿಸಿಕೊಂಡವರು ಪೇಪರ್ ಓದುತ್ತಾ ಹಾಲು ಉಕ್ಕಿಸಿಲ್ಲವೇ? ಆ ಸಿಮ್ ಇದರದೇ ಬಾಲ ಕತ್ತರಿಸಿದ ರೂಪ. ಕನ್ನಡ, ತಮಿಳು, ಮಲಯಾಳ, ಯಾವ ಅಡುಗೆಮನೆಗೆ ಹೋದರೂ ಸಿಮ್ ಸಿಮ್ಮೇ. ಗೂಡಲೂರಿನ ನನ್ನ ಗೆಳತಿಯ ಮನೆಯಲ್ಲಿ ಒಂದು ಸಾರು ಇಳಿಯುವಷ್ಟರಲ್ಲಿ ಮೂರು ಭಾಷೆಯ ಜಗಳ ಆಗುತ್ತದೆ. ಸಿಮ್ ಒಂದೇ ಎಲ್ಲರಿಗೂ ಅರ್ಥವಾಗುವುದು.

ಈ ಪದದ ಬೆನ್ನು ಹತ್ತಿದ್ದಕ್ಕೆ ಕಾರಣ ನನ್ನ ಅತ್ತೆ. ನಮ್ಮ ಹಟ್ಟಿಯಲ್ಲಿ, ಅಂದರೆ ಊಟಿ ಪಕ್ಕದ ನಮ್ಮ ಬೆಟ್ಟದ ಊರಲ್ಲಿ, ಅತ್ತೆಯನ್ನು ಮಾಮಿ ಅನ್ನುತ್ತಾರೆ. ಹಿಮ ಬೀಳುವ ತಿಂಗಳುಗಳಲ್ಲಿ ಮಾಮಿಗೆ ಎದೆ ಕಟ್ಟುತ್ತದೆ. ಹೋದ ವರ್ಷ ಆಸ್ಪತ್ರೆಯವರೆಗೂ ಹೋಗಿ ಬಂದದ್ದಾಯಿತು. ಮುಂದಿನ ಚಳಿಗಾಲ ಈ ಎತ್ತರದಲ್ಲಿ ಇರಿಸಲೇಬೇಡಿ, ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲೂ ಇಲ್ಲ ಎಂದರು ಡಾಕ್ಟರು. ಅದೃಷ್ಟಕ್ಕೆ ಮಾಮಿಯ ಮಗಳು, ನನ್ನ ನಾದಿನಿ ಗಿರಿಜೆ, ಕೆಳಗೆ ಮಸಿನಗುಡಿಯ ಹತ್ತಿರ ಮಾವನಲ್ಲ ಎಂಬ ಊರಲ್ಲಿದ್ದಾಳೆ. ಊಟಿಯಲ್ಲಿ ಹುಲ್ಲಿನ ಮೇಲೆ ಹಿಮ ಬೆಳ್ಳಗೆ ಕೂತಿರುವ ಹೊತ್ತಿಗೆ ಅಲ್ಲಿ ಅಂಗಳದಲ್ಲಿ ಕೂತು ಬಿಸಿಲು ಕಾಯಿಸಬಹುದು. ಮಾಮಿಯನ್ನು ಕಂಬಳಿ ಸಮೇತ ಕಳಿಸಿಕೊಟ್ಟೆವು.

ವಾರ ಕಳೆಯುವುದರೊಳಗೆ ಗಿರಿಜೆಯ ಫೋನು. "ಅತ್ತಿಗೆ, ಅವ್ವೆ ಊಟ ಬಿಟ್ಟಿದಾರೆ. ಎರಡು ತುತ್ತು ಹಿಟ್ಟು ಮುರಿದರೆ ಜಾಸ್ತಿ. ಇದು ಉದಕವೇ ಇಲ್ಲೆ, ಎನ್ನ ಹಟ್ಟಿಗೆ ಕಳಿಸು ಅಂತ ಒಂದೇ ಹಟ. ಗಂಟು ಬೇರೆ ಕಟ್ಟಿ ಇಟ್ಟವರೆ!"

ಉದಕ ಎಂದರೆ ಸಂಧ್ಯಾವಂದನೆಯ ನೀರಲ್ಲ, ನಮ್ಮ ಬೆಟ್ಟದ ಸಾರು. ಒಣ ಅವರೆಕಾಳು, ಆಲೂಗಡ್ಡೆ, ಮನೆಯಲ್ಲೇ ಕುಟ್ಟಿದ ಮಸಾಲೆ ಹುಡಿ, ಅಷ್ಟೇ. ಆದರೆ ಅದಕ್ಕೊಂದು ಕಟ್ಟುನಿಟ್ಟು ಇದೆ. ಕಾಳು ಕಣ್ಣಿಗೆ ಇಡಿಯಾಗಿ ಕಾಣಬೇಕು, ನಾಲಿಗೆಗೆ ಇಟ್ಟರೆ ಬೆಣ್ಣೆಯಾಗಬೇಕು. ಸಾರು ತಿಳಿಯಾಗಿರಬೇಕು. ಕಾಳು ಒಡೆದು ಸಾರು ಗಂಜಿಯಾದರೆ ಮಾಮಿ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಾರೆ. ಬೈಯುವುದಿಲ್ಲ. ಬೈದರೆ ಎಷ್ಟೋ ವಾಸಿ ಅನ್ನಿಸುವಂಥ ತಳ್ಳು ಅದು. ಕುಕ್ಕರಿನ ಉದಕವನ್ನಂತೂ ಅವರು ಉದಕದ ಜಾತಿಗೇ ಸೇರಿಸುವುದಿಲ್ಲ.

ಹಾಗಾಗಿ ನಾನು ಹೊರಟೆ. ಉದಕದ ವಿಷಯದಲ್ಲಿ ನನಗೆ ತುಸು ಜಂಬ ಉಂಟು, ಯಾಕೆಂದರೆ ಕಷ್ಟಪಟ್ಟು ಗಳಿಸಿದ ವಿದ್ಯೆ ಅದು. ನಾನು ಗುಂಡ್ಲುಪೇಟೆಯ ಕಡೆಯಿಂದ ಬೆಟ್ಟ ಹತ್ತಿ ಬಂದ ಸೊಸೆ. ಮದುವೆಯಾದ ಹೊಸದರಲ್ಲಿ ಮಾಡಿದ ಮೊದಲ ಉದಕದಲ್ಲಿ ಕಾಳು ಗೋಲಿಯ ಹಾಗೆ ಉಳಿದಿತ್ತು. ನೀರು ಕೊತಕೊತ ಕುದಿದದ್ದನ್ನು ಈ ಕಣ್ಣಿಂದಲೇ ನೋಡಿ, ಬೆಂದಿರಲೇಬೇಕು ಎಂದು ಇಳಿಸಿಬಿಟ್ಟಿದ್ದೆ. ಮಾವನವರು ಒಂದು ಕಾಳನ್ನು ಬಾಯಲ್ಲಿ ಆ ಕಡೆ ಈ ಕಡೆ ಹೊರಳಿಸಿ, ಹೊಸ ಸೊಸೆಯ ಮುಖ ನೋಡಿ, ನುಂಗಿಬಿಟ್ಟರು. ಮಾಮಿ ಮಾತ್ರ ನಕ್ಕರು. "ಎಂಗ ಹಟ್ಟಿ ನೀರು ಸುಮ್ಮನೆ ಗದ್ದಲ ಮಾಡುತ್ತೆ, ಕೂಸೆ. ಬೇಯಿಸುವುದು ಇಲ್ಲೆ. ಅದರ ಕುದಿ ನಂಬಬೇಡ, ಉರಿ ಏರಿಸು, ಕೂತು ಕಾಯಿ." ಎಂಗ ಅಂದರೆ ನಮ್ಮ. ಅವರ ಮಾತನ್ನು ನಾನು ನನ್ನ ಕನ್ನಡಕ್ಕೆ ತುಸು ಬಗ್ಗಿಸಿ ಬರೆಯುತ್ತಿದ್ದೇನೆ. ಆ ಮಾತು ಬಾಯಲ್ಲಿ ಹೊರಳುವ ಚೆಂದವನ್ನು ಕಾಗದದ ಮೇಲೆ ತರುವುದು ನನ್ನಿಂದಾಗದು. ಅಂದಿನಿಂದ ಉರಿ ಏರಿಸಿದೆ, ಕೂತು ಕಾದೆ, ಬೆಟ್ಟದವಳಾದೆ.

ಮಾಮಿಯ ಪ್ರಕಾರ ಎಲ್ಲ ಗುಟ್ಟೂ ಹಟ್ಟಿಯ ನೀರಿನಲ್ಲಿದೆ. ನಾನೂ ಅದನ್ನೇ ನಂಬಿದ್ದೆ. ಆದ್ದರಿಂದ ನಮ್ಮ ಅವರೆ, ನಮ್ಮ ಆಲೂಗಡ್ಡೆ, ನಮ್ಮ ಹುಡಿಯ ಜೊತೆಗೆ ನಮ್ಮ ಊರ ಒರತೆಯ ನೀರನ್ನೂ ದೊಡ್ಡ ಸ್ಟೀಲ್ ಕ್ಯಾನಿನಲ್ಲಿ ತುಂಬಿಕೊಂಡು ಕಲ್ಹಟ್ಟಿ ಘಾಟಿಯ ಬಸ್ಸು ಹತ್ತಿದೆ. ತಿರುವು ತಿರುವಿಗೂ ಕ್ಯಾನು ನನ್ನ ಮಡಿಲಲ್ಲಿ ಗುಳುಗುಳು ಎನ್ನುತ್ತಿತ್ತು. ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಹುಡುಕಲು ಹತ್ತಿದ ಗಾರ್ಡು ಕ್ಯಾನನ್ನು ತಟ್ಟಿ ನೋಡಿದ.

"ಎನ್ನಮ್ಮಾ ಇದು?"

"ನೀರಪ್ಪ."

"ಏನ್, ಮಸಿನಗುಡಿಲಿ ನೀರೇ ಇಲ್ಲೆಯಾ?"

ಬಸ್ಸೆಲ್ಲ ನಕ್ಕಿತು. ನಾನು ಇಂಗ್ಲಿಷ್ ಟೀಚರಿನ ಮುಖ ಮಾಡಿಕೊಂಡು ಕಿಟಕಿಯಾಚೆ ನೋಡಿದೆ.

ಗಿರಿಜೆಯ ಅಡುಗೆಮನೆಯಲ್ಲಿ ಸೆರಗು ಬಿಗಿದು ನಿಂತೆ. ನೆನೆದ ಕಾಳು, ಹಟ್ಟಿಯ ನೀರು, ದಪ್ಪ ತಳದ ಪಾತ್ರೆ. ಮನೆಯಲ್ಲಿ ಮಾಡುವ ಹಾಗೆಯೇ ಒಲೆಯನ್ನು ಪೂರ್ತಿ ಏರಿಸಿ, ಕುದಿ ಬಂದ ಮೇಲೂ ಹಾಗೇ ಬಿಟ್ಟು, ಅಂಗಳದಲ್ಲಿ ಮಾಮಿಗೆ ಊರ ಸುದ್ದಿ ಹೇಳುತ್ತ ಕೂತೆ. ಮಾಮಿಯ ಮುಖ ಅರಳಿತ್ತು. "ಎಂಗ ನೀರು ತಂದೆಯಾ ಕೂಸೆ? ಹಂಗಾದರೆ ಸರಿ." ಎದ್ದು ಹೋಗಿ ಮುಚ್ಚಳ ತೆಗೆದೆ. ಕಾಳು ಎಲ್ಲಿ? ಸಿಪ್ಪೆ ಒಂದು ಕಡೆ, ಕಾಳು ಇನ್ನೊಂದು ಕಡೆ, ಆಲೂಗಡ್ಡೆ ಹೇಳಹೆಸರಿಲ್ಲ. ಗೋಡೆಗೆ ಪೋಸ್ಟರ್ ಅಂಟಿಸಬಹುದಾದಂಥ ಗಂಜಿ.

ಮಾಮಿ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು. "ನಾಳೆ ನಿನ್ನ ಕೂಡ ಬಂದುಬಿಡುವೆ," ಎಂದರು, ನನ್ನ ಕಡೆ ನೋಡದೆ. ನನಗೆ ಅಳು ಬಂತು. ಮೇಲೆ ಕೊರೆಯುವ ಹಿಮ. ಕೆಳಗೆ ಊಟ ಬಿಟ್ಟು ಗಂಟು ಕಟ್ಟಿಕೊಂಡಿರುವ ಮಾಮಿ. ನಡುವೆ ಸೋತ ಸೊಸೆ, ಮತ್ತು ಖಾಲಿಯಾದ ಕ್ಯಾನು.

ಸಂಕಟ ಬಂದಾಗ ಕೆಲವರು ದೇವರ ಕೋಣೆಗೆ ಹೋಗುತ್ತಾರೆ. ನಾನು ಡಿಕ್ಷನರಿಗೆ ಹೋಗುತ್ತೇನೆ, ಅಭ್ಯಾಸಬಲ. ಗಿರಿಜೆ ಸಮಾಧಾನಕ್ಕೆಂದು, "ಮುಂದಿನ ಸಲ ಸಿಮ್ಮಲ್ಲಿಟ್ಟು ನೋಡಿ ಅತ್ತಿಗೆ," ಅಂದಿದ್ದಳು. ಆ ಸಿಮ್ ತಲೆಯಲ್ಲಿ ಕೂತು ಕೊರೆಯತೊಡಗಿತು. ಫೋನಿನಲ್ಲೇ ಹುಡುಕಿದೆ. ಅಬ್ಬಾ, ಎಂಥ ಪದ ಅದು! ಹಳೆಯ ಕಾಲದಲ್ಲಿ ಅದು ಸಿಂಪರ್ ಎಂದಿತ್ತಂತೆ. ಹುಟ್ಟಿದ್ದು ಬಹುಶಃ ಸದ್ದಿನಿಂದ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಒಂದೊಂದಾಗಿ ಎದ್ದು ಪಿಸುಗುಟ್ಟುತ್ತವಲ್ಲ, ಆ ಪಿಸುಮಾತೇ ಪದವಾಯಿತಂತೆ. ನಮ್ಮ ಕೊತಕೊತ, ತಕತಕಗಳ ದೂರದ ನೆಂಟ! ಆಮೇಲೆ ಅದು ಅಡುಗೆಮನೆಯಿಂದ ಮನುಷ್ಯರ ಎದೆಗೆ ನಡೆದುಹೋಗಿ, ಒಳಗೊಳಗೇ ಕುದಿಯುವ ಕೋಪಕ್ಕೂ ಹೆಸರಾಯಿತು. ಇನ್ನೂ ಮುಂದೆ ಹೋಗಿ, ಸಿಟ್ಟಿನಲ್ಲಿರುವವರಿಗೆ 'ಸಾಕು, ತಣ್ಣಗಾಗು' ಎಂದು ಹೇಳುವ ಮಾತಿನಲ್ಲೂ ಸೇರಿಕೊಂಡಿತು. ಒಂದೇ ಪದ ಸಿಟ್ಟಿಗೂ ಬಂತು, ಸಿಟ್ಟು ಇಳಿಸುವುದಕ್ಕೂ ಬಂತು. ಸೊಸೆಯಂದಿರಿಗೆ ಹೇಳಿ ಮಾಡಿಸಿದ ಪದ.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಇದಲ್ಲ, ಇನ್ನೊಂದು. ನಾವು ಕನ್ನಡದಲ್ಲಿ ಏನನ್ನುತ್ತೇವೆ? ಸಣ್ಣ ಉರಿ, ಹದವಾದ ಉರಿ, ಜೋರು ಉರಿ. ಎಲ್ಲ ಉರಿಯ ಮಾತು. ಸಿಮ್ಮರ್ ಉರಿಯ ಮಾತಲ್ಲ, ನೀರಿನ ಮಾತು. ನೀರು ಇನ್ನೇನು ಕುದಿಯಬೇಕು, ಆದರೆ ಕುದಿದಿಲ್ಲ, ನಗು ಬಂದರೂ ತುಟಿ ಕಚ್ಚಿಕೊಂಡಂತಿದೆ ಎಂದು ಆ ಪದ ಹೇಳುತ್ತದೆ. ಒಲೆಯ ಸುದ್ದಿಯೇ ಅದರಲ್ಲಿಲ್ಲ! ನಾವು ಅದನ್ನು ತಂದು ಬಾಲ ಕತ್ತರಿಸಿ, ಒಲೆಯ ಉರಿ ಏರಿಸಿ ಇಳಿಸುವ ಗುಬುಟಿಗೆ ಕಟ್ಟಿಬಿಟ್ಟೆವು. ನಾನೂ ಇಷ್ಟು ವರ್ಷ ಉರಿಯನ್ನೇ ನೋಡಿದವಳು. ನೀರು ಏನು ಮಾಡುತ್ತಿದೆ ಎಂದು ಬಗ್ಗಿ ನೋಡಿದವಳಲ್ಲ.

ನೀರು ಏನು ಮಾಡುತ್ತದೆ? ಶಾಲೆಯ ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮೇಷ್ಟ್ರು ಟೀ ಕುಡಿಯುತ್ತಾ ಹೇಳುತ್ತಿದ್ದದ್ದು ಆಗ ನೆನಪಾಯಿತು. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಅದಕ್ಕೇ ಊಟಿಯಲ್ಲಿ ನೀರು ಸಾಕಷ್ಟು ಬಿಸಿಯಾಗುವ ಮೊದಲೇ ಕುದಿಯುತ್ತದೆ. ಆಮೇಲೆ ಎಷ್ಟೇ ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಅಂದರೆ ನಾವು ಮೇಲೆ ಗದ್ದಲದಿಂದ ಕುದಿಸುವ ಪೂರ್ಣ ಕುದಿ ಇದೆಯಲ್ಲ, ಅದು ಬಿಸಿಯ ಲೆಕ್ಕದಲ್ಲಿ ಕೆಳಗಿನವರ ಸಿಮ್ಮರ್! ಇಲ್ಲಿ ಕೆಳಗೆ ಪೂರ್ಣ ಕುದಿ ನಿಜಕ್ಕೂ ಬಿಸಿ, ಅದಕ್ಕೇ ಕಾಳು ಒಡೆದದ್ದು. ನಮ್ಮ ಇಡೀ ಬೆಟ್ಟವೇ ತಲೆತಲಾಂತರದಿಂದ ಸಿಮ್ಮಿನಲ್ಲಿ ಕೂತಿದೆ! ಗಿರಿಜೆಯ ಅಡುಗೆಮನೆಯಲ್ಲಿ ನಾನು "ಅಯ್ಯೋ!" ಎಂದು ಕಿರುಚಿದ್ದಕ್ಕೆ ಅವಳು ಹಾವು ಬಂತೇನೋ ಎಂದು ಕೋಲು ಹಿಡಿದು ಬಂದಳು.

ಆ ಖುಷಿಯಲ್ಲಿ ನನ್ನ ಕಲ್ಪನೆ ಎಲ್ಲೆಲ್ಲೋ ಓಡಿತು. ಬಿಳಿಯರ ಕಾಲದಲ್ಲಿ ಊಟಿಯ ಯಾವುದೋ ಬಂಗಲೆಯಲ್ಲಿ, ಯಾವಳೋ ದೊರೆಸಾನಿ ತನ್ನ ಊರಿಂದ ತಂದ ಅಡುಗೆ ಪುಸ್ತಕ ಬಿಚ್ಚಿಕೊಂಡು, ಸಿಮ್ಮರ್ ಮಾಡು ಎಂದು ಬಟ್ಲರನಿಗೆ ಹೇಳಿರಬೇಕು. ಅವನು ಹಾಗೇ ಮಾಡಿರಬೇಕು. ಮಾಂಸ ಬೆಂದಿರಲಿಕ್ಕಿಲ್ಲ. ಪಾಪ, ಬೈಗುಳ ಅವನಿಗೇ ಬಿದ್ದಿರಬೇಕು. ತಪ್ಪು ಅವನದೂ ಅಲ್ಲ, ದೊರೆಸಾನಿಯದೂ ಅಲ್ಲ, ಬೆಟ್ಟದ್ದು. ಹಾಗೆ ನೋಡಿದರೆ ನನ್ನ ಸ್ವಭಾವವೂ ಇದೇ ನೀರಿನದು. ಬೇಗ ಕುದಿಯುತ್ತೇನೆ, ಮನೆಯೆಲ್ಲ ಕೇಳುವಂತೆ ಕುದಿಯುತ್ತೇನೆ, ಆದರೆ ಅದರಲ್ಲಿ ಯಾರೂ ಬೇಯುವುದಿಲ್ಲ. ನಮ್ಮವರು ಇಷ್ಟು ವರ್ಷ ಪೇಪರ್ ಮಡಚದೆ ಕೂತಿರುವುದರ ರಹಸ್ಯ ನನಗೀಗ ತಿಳಿಯಿತು.

ಮರುದಿನ ಇನ್ನೊಂದು ಪಾತ್ರೆ ಇಟ್ಟೆ. ಹಟ್ಟಿಯ ನೀರು ಮುಗಿದಿತ್ತು, ಗಿರಿಜೆಯ ಬೋರ್‌ವೆಲ್ಲಿನದೇ ಗತಿ. ಈ ಸಲ ಒಲೆಯ ಗುಬುಟಿ ಎಲ್ಲಿದೆ ಎಂದು ನೋಡಲೇ ಇಲ್ಲ. ಪಾತ್ರೆಯ ಮುಂದೆ ಸ್ಟೂಲು ಹಾಕಿಕೊಂಡು ನೀರನ್ನೇ ನೋಡುತ್ತಾ ಕೂತೆ. ಅಂಚಿನಲ್ಲಿ ಗುಳ್ಳೆ ಏಳುತ್ತಿತ್ತು, ಒಡೆಯುತ್ತಿತ್ತು. ಕುದಿ ಬರುವಂತೆ ಕಂಡ ಕೂಡಲೇ ಉರಿ ತಗ್ಗಿಸಿದೆ, ಮಲಗಿತು ಅನ್ನಿಸಿದರೆ ತುಸು ಏರಿಸಿದೆ. ಹೊರಗೆ ನವಿಲು ಕೂಗಿತು, ಫೋನು ಬಡಿದುಕೊಂಡಿತು, ಏಳಲಿಲ್ಲ. ಕೇಳಿದೆ ಕೂಡ, ಆ ಸದ್ದನ್ನು. ನಿಜವಾಗಿಯೂ ಅದು ಸಿಮ್ ಸಿಮ್ ಅನ್ನುತ್ತದೆ! ಯಾವುದೋ ದೇಶದ ಯಾವಳೋ ಹೆಂಗಸು, ಎಷ್ಟೋ ಕಾಲದ ಹಿಂದೆ, ಹೀಗೇ ಪಾತ್ರೆಯ ಮುಂದೆ ಕೂತು ಇದನ್ನೇ ಕೇಳಿರಬೇಕು. ಅವಳ ಮನೆಯಲ್ಲೂ ಯಾರೋ ಊಟ ಬಿಟ್ಟು ಮುನಿಸಿಕೊಂಡಿದ್ದರೇನೋ.

ಮುಚ್ಚಳ ತೆಗೆದಾಗ ಕಾಳು ಒಂದೂ ಒಡೆದಿರಲಿಲ್ಲ. ಹುಡಿ ಹಾಕಿ, ಒಗ್ಗರಣೆ ಕೊಟ್ಟು, ಬಿಸಿ ರಾಗಿ ಹಿಟ್ಟಿನ ಜೊತೆ ಮಾಮಿಯ ಮುಂದಿಟ್ಟೆ. ಗಂಟು ಅವರ ಪಕ್ಕದಲ್ಲೇ ಇತ್ತು. ಒಂದು ಕಾಳು ಬಾಯಿಗಿಟ್ಟರು. ಗಿರಿಜೆ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮಾಮಿ ಹಿಟ್ಟು ಮುರಿದು ಅದ್ದಿದರು, ಮತ್ತೆ ಅದ್ದಿದರು, ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. ನಾನು ಗಂಟಿನ ಕಡೆ ನೋಡಿದೆ.

"ಇನ್ನೂ ಹಾಕು," ಎಂದರು.

ಹಾಕಿದೆ. ಉಂಡು, ಕೈ ತೊಳೆದು, ಮಾಮಿ ಗೆದ್ದವರ ಹಾಗೆ ಮಗಳ ಕಡೆ ನೋಡಿದರು. "ನಾ ಹೇಳಲಿಲ್ಲೆಯಾ ಗಿರಿಜೆ? ಎಲ್ಲ ಎಂಗ ಹಟ್ಟಿ ನೀರು. ಏನ ಕೂಸೆ, ಅದೇ ನೀರು ತಾನೆ?"

ನನ್ನ ಸ್ಥಿತಿ ಯೋಚಿಸಿ! ಗಾಳಿಯ ಒತ್ತಡ, ಸಿಂಪರ್, ದೊರೆಸಾನಿ, ಬೋರ್‌ವೆಲ್, ಎಲ್ಲ ಗಂಟಲಿನವರೆಗೆ ಬಂದು ಉಕ್ಕಲು ಕಾದಿದ್ದವು. ಜೀವಮಾನದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನ್ನ ಬಳಿ ಇರಲಿಲ್ಲ, ಇಂಥ ಕೇಳುಗರೂ ಸಿಕ್ಕಿರಲಿಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಮಾಮಿ ಪಕ್ಕದ ಗಂಟನ್ನು ಎಳೆದುಕೊಂಡು, ಬಿಚ್ಚಿ, ಸೀರೆಗಳನ್ನು ಒಂದೊಂದಾಗಿ ಮಂಚದ ಮೇಲೆ ಇಡತೊಡಗಿದರು. ನನ್ನ ಉರಿಯನ್ನು ನಾನೇ ತಗ್ಗಿಸಿಕೊಂಡೆ.

"ಅದೇ ನೀರು, ಮಾಮಿ," ಎಂದೆ.

ಆ ಸುಳ್ಳಿಗೆ ಶಿಕ್ಷೆ ಈಗ ಅನುಭವಿಸುತ್ತಿದ್ದೇನೆ. 'ಹಿಮ ಮುಗಿಯುವವರೆಗೂ ಇಲ್ಲೇ ಇರುತ್ತೇನೆ, ಆದರೆ ವಾರಕ್ಕೊಮ್ಮೆ ನೀನು ನೀರು ತರಬೇಕು' ಎಂದು ಮಾಮಿ ಕಟ್ಟಪ್ಪಣೆ ಮಾಡಿದ್ದಾರೆ. ಹಾಗಾಗಿ ವಾರ ವಾರ ಕ್ಯಾನು ಮಡಿಲಲ್ಲಿಟ್ಟುಕೊಂಡು ಕಲ್ಹಟ್ಟಿ ಇಳಿಯುತ್ತೇನೆ. ಚೆಕ್‌ಪೋಸ್ಟಿನ ಗಾರ್ಡು ಈಗ ತಟ್ಟಿ ನೋಡುವುದಿಲ್ಲ, "ಮಾಮಿ ಸೌಖ್ಯಮಾ?" ಎಂದು ಕೇಳುತ್ತಾನೆ. ನಾನು ಹೋಗುವ ಹೊತ್ತಿಗೆ ಗಿರಿಜೆ ಬೋರ್‌ವೆಲ್ ನೀರಿನಲ್ಲಿ ಉದಕ ಇಟ್ಟಿರುತ್ತಾಳೆ, ಪಾತ್ರೆಯ ಮುಂದೆ ಸ್ಟೂಲೂ ಹಾಕಿರುತ್ತಾಳೆ. ಮಾಮಿಗೂ ಅದು ಕಾಣುತ್ತದೆ. ಅವರ ಕಣ್ಣು ಇನ್ನೂ ಚೆನ್ನಾಗಿದೆ. ಆದರೂ ನಾನು ತಂದ ನೀರನ್ನು ಒಂದು ಲೋಟ ಬಗ್ಗಿಸಿಕೊಂಡು, ಅಂಗಳದ ಬಿಸಿಲಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗುಟುಕು ಗುಟುಕಾಗಿ ಕುಡಿಯುತ್ತಾ, "ಹೂಂ, ಹೇಳು ಕೂಸೆ, ಹಟ್ಟಿಲಿ ಏನ ಸುದ್ದಿ?" ಎಂದು ಕೇಳುತ್ತಾರೆ. ಒಂದು ಲೋಟ ನೀರು ಮುಗಿಯುವುದಕ್ಕೆ ಇಡೀ ಬೆಳಗು ಬೇಕಾಗುತ್ತದೆ.